ಹಿತ್ತಾಳೆ ಲೋಟದ ಬಿಳಿ ಪುಡಿ

ಬಾಗಿಲ ಸಂದಿಯಿಂದ ಶೇಖವ್ವನಿಗೆ ಕಂಡದ್ದು ಗಂಡನ ಕೈ. ಗುದ್ಲೆಪ್ಪ ಬೆನ್ನು ತಿರುಗಿಸಿ ನಿಂತು, ಹಿತ್ತಾಳೆ ಲೋಟದ ನೀರಿಗೆ ಬಿಳಿ ಪುಡಿ ಹಾಕಿ ಕದಡುತ್ತಿದ್ದ.

ಅವಳು ಸದ್ದಾಗದಂತೆ ಹಿಂದೆ ಸರಿದಳು.

ಜರ್ಮನಿಯ ಯುದ್ಧ ನಡೆದಿದ್ದ ಕಾಲ. ಹತ್ತಿಮತ್ತೂರಿಗೆ ಸೊಸೆಯಾಗಿ ಬಂದ ವರ್ಷವೇ ಬಸುರಿಯಾಗಿದ್ದಳು. ಆಗಿನಿಂದ ಗುಟುಕು ನೀರೂ ಹೊಟ್ಟೆಯಲ್ಲಿ ನಿಲ್ಲದು. ಕಣ್ಣು ಗುಳಿಬಿದ್ದವು, ಬಳೆ ಮೊಣಕೈಗೆ ಜಾರಿದವು. ಬಸುರಿಗೆ ವಾಂತಿ ಸಹಜ ಎನ್ನುತ್ತಿದ್ದ ಅತ್ತೆ ಅನ್ನವ್ವನೂ ಈಗ ಮಾತು ನಿಲ್ಲಿಸಿದ್ದಳು.

ಮಗ್ಗುಲ ಮನೆಯ ಹುಚ್ಚವ್ವ ನಿಲ್ಲಿಸಿರಲಿಲ್ಲ. ನಿನ್ನ ಗಂಡ ಯಲವಿಗಿಯಲ್ಲಿ ಒಬ್ಬ ಹೆಂಗಸಿನ ಕಟ್ಟೆ ಮೇಲೆ ಕುಂತಿದ್ದ, ಅವಳು ಪೊಟ್ಟಣ ಕೊಟ್ಟದ್ದನ್ನು ಕಣ್ಣಾರೆ ಕಂಡೆ ಎಂದಿದ್ದಳು. ಇದು ಬಸುರಿನ ವಾಂತಿಯಲ್ಲ, ಉಣ್ಣುವುದರಲ್ಲಿ ಕೈವಿಷದ ಮದ್ದು ಹಾಕಿದ್ದಾರೆ, ಕಕ್ಕಿಸಿ ತೆಗೆಸಬೇಕು ಎಂದೂ.

ಹೌದಲ್ಲ... ಮೆಣಸಿನಕಾಯಿ ಕಣದಿಂದ ನೆಟ್ಟಗೆ ಮನೆಗೆ ಬರುತ್ತಿದ್ದವನು ಈಗ ಎಲ್ಲಿಯೋ ಮಿಂದು, ತೊಯ್ದ ತಲೆಯಲ್ಲಿ ಬರುತ್ತಾನೆ. ಹತ್ತಿರ ಕೂಡುವುದಿಲ್ಲ. ಮಲಗುವುದೂ ಹೊರಗಿನ ಕಟ್ಟೆಯ ಮೇಲೆ. ಯಾರ ವಾಸನೆ ತೊಳೆದುಕೊಳ್ಳುತ್ತಾನೆ?

ಅವನು ಕೊಟ್ಟ ನೀರನ್ನೆಲ್ಲ ಹಿತ್ತಲಿಗೆ ಚೆಲ್ಲತೊಡಗಿದಳು. ಮದ್ದು ತೆಗೆಯುವವನಲ್ಲಿಗೆ ಹೋಗಲು ಅತ್ತೆಯನ್ನು ಒಪ್ಪಿಸಿದಳು. ಚಕ್ಕಡಿ ಹೂಡಿದ್ದಾಯಿತು. ಹತ್ತುವಾಗ ಕಣ್ಣಿಗೆ ಕತ್ತಲೆ ಬಂದು ಗಾಲಿಗೆ ಒರಗಿದಳು.

ಗುದ್ಲೆಪ್ಪ ಎತ್ತಿನ ಮೂಗುದಾರ ಹಿಡಿದು ಅಡ್ಡ ನಿಂತ.

"ಇನ್ನೂ ಕಕ್ಕಿಸಿದ್ರ ಜೀವ ಉಳಿಯಂಗಿಲ್ಲ, ಶೇಖಿ. ಇಬ್ಬರದೂ."

"ಉಳೀಬಾರ್ದಂತ ಅಲ್ಲೇನ್ರಿ, ಆ ಯಲವಿಗಿಯಾಕಿ ಪುಡಿ ಕೊಟ್ಟಿದ್ದು?"

ಅವನು ಮೂಗುದಾರ ಬಿಟ್ಟ. ಒಳಗಿನಿಂದ ಪುಡಿ ಕದಡಿದ ಅದೇ ಲೋಟ ತಂದು, ಎಲ್ಲರೆದುರು ಅರ್ಧ ಕುಡಿದ.

"ಗ್ಲುಕೋಸ ಅಂತಾರ, ಸಕ್ಕರಿ ಜಾತಿದು. ಆಕಿ ನರ್ಸಬಾಯಿ. ಚಮಚಾ ಚಮಚಾ ಕುಡಿಸು, ನಿಲ್ಲದಿದ್ರ ತಡಾ ಮಾಡದ ಕರಕೊಂಡು ಬಾ ಅಂದಾಳ. ಗಂಡಸು ಬಸುರಿ ಆರೈಕಿಗೆ ಕೈ ಹಚ್ಚಿದ್ರ ಊರು ನಗತೈತಿ... ಅದಕ್ಕ ಮುಚ್ಚಿಟ್ಟೆ."

"ಮತ್ತ ನನ್ನ ಮಗ್ಗಲಾ ಯಾಕ ಕೂಡಂಗಿಲ್ಲ?"

"ಮೆಣಸಿನಕಾಯಿ ಘಾಟು ಬಡದ್ರ ನಿನಗ ವಾಂತಿ ಬರತೈತೆಲ್ಲ. ಬಾವಿಮ್ಯಾಲ ಎಷ್ಟು ತಿಕ್ಕೊಂಡ್ರೂ ಹೋಗವಲ್ದು."

ಶೇಖವ್ವ ಅವನ ಅಂಗೈ ನೋಡಿದಳು. ತಿಕ್ಕಿ ತಿಕ್ಕಿ ಚರ್ಮ ಸುಲಿದಿತ್ತು.

ಅನ್ನವ್ವ ಮೂಗುದಾರ ಹಿಡಿದಳು. ಎತ್ತುಗಳ ಮುಖವನ್ನು ಯಲವಿಗಿ ಹಾದಿಗೆ ತಿರುಗಿಸಿದಳು.

ಚಕ್ಕಡಿಯ ತುದಿಯಲ್ಲಿ ಕುಳಿತು, ಕೈಯನ್ನಷ್ಟೇ ಚಾಚಿ ಅವನು ಚಮಚವನ್ನು ಅವಳ ತುಟಿಗೆ ಹಿಡಿದ. ಒಂದು ಗುಟುಕು ನಿಂತಿತು... ಇನ್ನೊಂದು.

"ಇತ್ತ ಸರೀರಿ," ಎಂದಳು.

"ಘಾಟು ಬಡೀತೈತಿ."

"ಬಡೀಲಿ. ವಾಂತಿ ಬಂದ್ರ ತಲಿ ಹಿಡಿಯಾಕ ಮಗ್ಗಲಾ ಯಾರರ ಬೇಕಲ್ಲ."