ಎಂಟು ಮೂಲೆಯ ನಕ್ಷತ್ರದ ಕೌದಿ

"ಚಾಚಾ, ಇದು ನನ್ನ ಕೌದಿ ಅಲ್ಲ."

ಮೊಳಕಾಲ್ಮೂರಿನಿಂದ ಬೆಳಗಿನ ಬಸ್ಸಿಗೆ ಬಂದ ಇರ್ಫಾನಾ ಗಂಟು ಬಿಚ್ಚಿ ಕೌದಿಯನ್ನು ರಸೂಲ್ ಸಾಬರ ಮೇಜಿನ ಮೇಲೆ ಹರಡಿದಳು. ಅದು 1999ರ ಮಾರ್ಚ್ ತಿಂಗಳು. ಚಳ್ಳಕೆರೆ ಬಸ್ ನಿಲ್ದಾಣದ ಹಿಂದಿನ ಆ ಹೊಲಿಗೆ ಮಿಷನ್ ರಿಪೇರಿ ಅಂಗಡಿಯಲ್ಲಿ ನಾನು ಎಂದಿನಂತೆ ಚಹಾ ಕುಡಿಯುತ್ತಾ ಕೂತಿದ್ದೆ. ಮೂವತ್ತು ವರ್ಷ ಶಾಲೆಯಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತನಾದವನಿಗೆ ಬೇರೆ ಕೆಲಸವೇನು? ಸಾಬರು ಕೆಟ್ಟ ಮಿಷನ್ನುಗಳ ಜೊತೆಗೆ ಊರವರ ಕಗ್ಗಂಟುಗಳನ್ನೂ ಬಿಡಿಸುತ್ತಿದ್ದರು. ಅದನ್ನು ನಾಲ್ಕು ಜನಕ್ಕೆ ಹೇಳುವ ಹೊಣೆ ನನ್ನದು. ಯಾರೂ ಒಪ್ಪಿಸಿದ್ದಲ್ಲ, ನಾನೇ ಹೊತ್ತುಕೊಂಡದ್ದು.

"ನಿಧಾನಕ್ಕೆ ಹೇಳು ಬೇಟಿ. ನಿಂದಲ್ಲ ಅಂತ ಹೆಂಗೆ ಗೊತ್ತಾತು?" ಎಂದರು ಸಾಬರು. ಅವರಿಬ್ಬರ ಮನೆಮಾತು ಉರ್ದುವಾದರೂ ನಾನಿದ್ದೇನೆಂದು ಕನ್ನಡದಲ್ಲೇ ಮಾತಾಡುತ್ತಿದ್ದರು.

"ನಂದ್ರಾಗೆ ಒಳಪದರಕ್ಕೆ ಅಮ್ಮ ತಲೆ ಮೇಲೆ ಹೊದೀತಿದ್ದ ಹಸಿರು ಓಢ್ನಿ ಹಾಕಿದ್ದೆ. ಬಿಸಿಲಿಗೆ ಹಿಡಿದ್ರೆ ಹಸಿರು ನೆರಳು ಕಾಣ್ತಿತ್ತು. ಇದನ್ನ ಹಿಡಿದು ನೋಡ್ರಿ."

ಬಾಗಿಲಿಗೆ ಒಯ್ದು ಹಿಡಿದೆವು. ಹಸಿರಿನ ಸುಳಿವೇ ಇರಲಿಲ್ಲ. ಆದರೆ ಹೊಲಿಗೆ ನೋಡಿ ನಾನು ಬೆರಗಾದೆ. ಬಿಳಿ ಬಟ್ಟೆಯ ಮೇಲೆ ಕೆಂಪು ದಾರದಲ್ಲಿ ಎಂಟು ಮೂಲೆಯ ನಕ್ಷತ್ರಗಳು, ಒಂದರ ಬೆನ್ನಿಗೆ ಒಂದು. ಬಟ್ಟೆಯನ್ನು ಒತ್ತಿ ಹಿಡಿಯುವ ಮಿಷನ್ನಿನ ಫುಟ್ ಬಿಚ್ಚಿ, ಬಟ್ಟೆ ಎಳೆಯುವ ಹಲ್ಲಿನ ಮೇಲೆ ತಗಡು ಮುಚ್ಚಿ, ಬಟ್ಟೆಯನ್ನು ಎರಡೂ ಕೈಯಲ್ಲಿ ಸೂಜಿಯ ಕೆಳಗೆ ಆಡಿಸುತ್ತಾ ಹೊಲಿಯುವ ಕೆಲಸ ಇದು. ಸೂಜಿ ನಿಂತಲ್ಲೇ ಇರುತ್ತದೆ, ಬಟ್ಟೆಯೇ ಓಡಾಡಬೇಕು. ಗೆರೆ ಎಲ್ಲಿ ತಿರುಗಬೇಕೆಂದು ಕೈಯೇ ಹೇಳಬೇಕು. ಅಳತೆಪಟ್ಟಿ ಇಟ್ಟು ನೋಡಿದೆ, ಎಲ್ಲೂ ನೂಲಿನಷ್ಟೂ ತಪ್ಪಿಲ್ಲ. ಮೊಳಕಾಲ್ಮೂರಲ್ಲಿ ಈ ವಿದ್ಯೆ ಬರುವುದು ಇರ್ಫಾನಾ ಒಬ್ಬಳಿಗೇ ಎಂದು ಎಲ್ಲರೂ ನಂಬಿದ್ದರು.

ಅಲ್ಲಿನ ಹೊಲಿಗೆ ಕೇಂದ್ರದಲ್ಲಿ ಶಿಕ್ಷಕಿಯ ಕೆಲಸ ಖಾಲಿಯಿತ್ತು. ಮರುದಿನ ಹನ್ನೊಂದಕ್ಕೆ ಚಿತ್ರದುರ್ಗದಿಂದ ಅಧಿಕಾರಿ ಬರುವವರಿದ್ದರು. ಅರ್ಜಿಯ ಜೊತೆ ಸ್ವಂತ ಕೈಯ ಮಾದರಿ ಇಡಬೇಕೆಂಬುದು ನಿಯಮ. ಇರ್ಫಾನಾ ಹದಿನೈದು ದಿನ ಮೊದಲೇ ಕೌದಿಯನ್ನು ಕೇಂದ್ರದ ಅಲ್ಮಾರಿಯಲ್ಲಿ ಇಟ್ಟಿದ್ದಳು. ಹಿಂದಿನ ದಿನ ಮನೆಗೆ ತಂದು ನೋಡಿದಾಗಲೇ ಅವಳಿಗೆ ಅದು ಬದಲಾದದ್ದು ತಿಳಿದದ್ದು.

"ಇದನ್ನೇ ನಂದು ಅಂದ್ರೆ ಯಾರಿಗೂ ತಿಳಿಯಾಕಿಲ್ಲ" ಎಂದಳು ಅವಳು. "ಆದ್ರೆ ಬೇರೆಯವ್ರ ಕೈಕೆಲ್ಸಕ್ಕೆ ನನ್ನ ಹೆಸರು ಹಾಕಲ್ಲ ಚಾಚಾ. ಕೆಲ್ಸ ಹೋದ್ರೂ ಹಾಕಲ್ಲ."

ಆ ಮಾತಿಗೆ ನನ್ನ ಎದೆ ಉಬ್ಬಿತು, ಅವಳು ನನ್ನ ಮಗಳೇನೋ ಎಂಬಂತೆ.

"ಅಲ್ಮಾರ್ ಕೀಲಿ ಯಾರ ಹತ್ರ?"

"ಗೋಡೆ ಮೊಳೆಗೆ ನೇತಾಕಿರ್ತಾರೆ. ಸುಲೋಚನಮ್ಮ ಅಲ್ಲಿ ಬ್ಲೌಸ್ ಹೊಲಿಯೋದು ಹೇಳ್ಕೊಡ್ತಾರೆ, ಈ ಕೆಲ್ಸಕ್ಕೆ ಅವ್ರೂ ಅರ್ಜಿ ಹಾಕವ್ರೆ. ಇಸ್ತ್ರಿ ಕಾಮಣ್ಣ ಸಂಜೆ ಬೀಗ ಹಾಕ್ತಾನೆ. ದೇವಸಮುದ್ರದ ಪವಿತ್ರ ಮೊದಲ್ನೇ ಬಸ್ಸಿಗೆ ಬಂದು ಬಾಗಿಲು ತೆಗೆದು ಕಸ ಗುಡಿಸ್ತಾಳೆ. ಪಾಪ, ಆರು ತಿಂಗಳಿಂದ ಭಾನುವಾರ ನಮ್ಮನೆಗೆ ಬರ್ತಾಳೆ. ಬೆಳಕಿಗೇಂತ ಮಿಷನ್ನು ಬಾಗಿಲ ಹತ್ರ ಹಾಕೀನಿ. ನನ್ನೆದುರಿಗೆ ಸ್ಟೂಲ್ ಹಾಕ್ಕೊಂಡು ನೋಡ್ತಾ ಕೂತಿರ್ತಾಳೆ. ಚಿಂದಿ ಕೊಟ್ರೆ ಏನೋ ಹೊಲೀತಾಳೆ, ತೋರ್ಸು ಅಂದ್ರೆ ನಾಚ್ಕೊಂಡು ಬಚ್ಚಿಡ್ತಾಳೆ."

"ಸುಲೋಚನಮ್ಮನೇ!" ಎಂದೆ ನಾನು. "ಎದುರಾಳಿಯಲ್ಲವೇ ಸಾಬ್ರೇ, ಇನ್ನೇನು ಬೇಕು?"

ಸಾಬರು ನನ್ನತ್ತ ನೋಡಿ ಮೀಸೆಯಲ್ಲೇ ನಕ್ಕರು. ಆ ನಗು ನನಗೆ ಚೆನ್ನಾಗಿ ಗೊತ್ತು. ನನ್ನ ಮಾತು ತಪ್ಪೆಂದೇ ಅದರ ಅರ್ಥ.

ಇರ್ಫಾನಾಳ ಹೆಗಲಿನಲ್ಲಿ ಅವಳೇ ಹೊಲಿದ ಚೀಲವಿತ್ತು. ಅದರ ಮೇಲೂ ಅದೇ ನಕ್ಷತ್ರ. ಸಾಬರು ಚೀಲವನ್ನೂ ಕೌದಿಯನ್ನೂ ಪಕ್ಕಪಕ್ಕ ಇಟ್ಟು ಭೂತಗನ್ನಡಿ ಹಿಡಿದರು.

"ಮೇಷ್ಟ್ರೇ, ಗೆರೆಗಳು ಒಂದನ್ನೊಂದು ದಾಟೋ ಜಾಗ ನೋಡ್ರಿ. ಯಾವ ದಾರ ಮೇಲೈತೋ ಅದು ಆಮೇಲೆ ಹೊಲ್ದಿದ್ದು. ಹಂಗೇ ಹಿಂದಕ್ಕೆ ಹೋದ್ರೆ ಕೈ ಎಲ್ಲಿಂದ ಹೊರಟಿತ್ತು ಅನ್ನೋದು ಸಿಗ್ತದೆ."

ನೋಡಿದೆ. ಚೀಲದ ಮೇಲಿನ ಗೆರೆ ಬಲತುದಿಯಿಂದ ಹೊರಟು ಎಡಕ್ಕೆ ಸುತ್ತಿತ್ತು. ಕೌದಿಯ ಪ್ರತಿ ನಕ್ಷತ್ರವೂ ಎಡತುದಿಯಿಂದ ಹೊರಟು ಬಲಕ್ಕೆ ಸುತ್ತಿತ್ತು. ಮುಗಿದ ಮೇಲೆ ಎರಡೂ ಒಂದೇ ಆಕಾರ. ಮೂವತ್ತು ವರ್ಷ ನಕ್ಷತ್ರ ಬರೆಸಿದ ನನಗೇ ಇದು ಕಂಡಿರಲಿಲ್ಲವೆಂದು ಸ್ವಲ್ಪ ನಾಚಿಕೆಯಾಯಿತು.

ಮರುದಿನ ಮೊದಲ ಬಸ್ಸಿಗೆ ಮೊಳಕಾಲ್ಮೂರು ಸೇರಿದೆವು. ಕೇಂದ್ರದಲ್ಲಿ ಆರು ಕಾಲ್ತುಳಿ ಮಿಷನ್ನುಗಳಿದ್ದವು. ಸಾಬರು ಒಂದೊಂದರ ಹಲ್ಲನ್ನೂ ಬೆರಳಿನಿಂದ ಸವರುತ್ತಾ ಹೋದರು. ಕಿಟಕಿ ಪಕ್ಕದ ಮಿಷನ್ನಿನ ಬಳಿ ನಿಂತು, ಹಲ್ಲಿನ ಸುತ್ತ ಹೊಸದಾಗಿ ಗೀರಿದ ಗುರುತನ್ನು ನನಗೆ ತೋರಿಸಿದರು. ಬ್ಲೌಸ್ ಹೊಲಿಯಲು ಹಲ್ಲಿಗೆ ತಗಡು ಮುಚ್ಚುವ ಅಗತ್ಯವಿಲ್ಲ.

ಹತ್ತು ಗಂಟೆಗೆ ಎಲ್ಲರೂ ಸೇರಿದರು. ಸುಲೋಚನಮ್ಮ ಮುಖ ಗಂಟಿಕ್ಕಿ ಕುರ್ಚಿಯಲ್ಲಿ ಕೂತರು. ಕಾಮಣ್ಣ ಇಸ್ತ್ರಿ ಮೇಜಿಗೆ ಒರಗಿ ನಿಂತ. ಪವಿತ್ರ ಪೊರಕೆ ಹಿಡಿದೇ ಬಾಗಿಲ ಮರೆಯಲ್ಲಿದ್ದಳು.

"ನನ್ನ ಮ್ಯಾಲೆ ಅನುಮಾನನಾ ಸಾಬ್ರೇ?" ಸುಲೋಚನಮ್ಮ ನೇರವಾಗಿಯೇ ಕೇಳಿದರು.

"ಮೇಷ್ಟ್ರಿಗೆ ಇತ್ತಮ್ಮ, ನನಗಿಲ್ಲ. ಇಂಥ ಕೌದಿ ಹೊಲಿಯಾಕೆ ಬಂದಿದ್ರೆ ನೀವು ನಿಮ್ಮ ಹೆಸ್ರಲ್ಲೇ ಇಡ್ತಿದ್ರಿ. ಎದುರಾಳಿ ಗಂಟಿಗೆ ಯಾಕೆ ಹಾಕ್ತಿದ್ರಿ?"

ನಾನು ಕಿಟಕಿಯಾಚೆ ನೋಡಿದೆ.

ಸಾಬರು ಮುಂದುವರಿಸಿದರು: "ಕದಿಯೋರು ಕದ್ದು ಹೋಗ್ತಾರೆ, ಅದ್ರ ಜಾಗಕ್ಕೆ ಇನ್ನೊಂದು ಹೊಲ್ದು ಇಡಲ್ಲ. ಇಟ್ಟವ್ರೆ ಅಂದ್ರೆ ಮೊದಲ್ನೇದು ಅವ್ರ ಕೈಯಲ್ಲಿ ಹಾಳಾಗೈತೆ, ಕದಿಯೋ ಮನಸ್ಸಿಲ್ಲ. ಹೊಲ್ದಿದ್ದು ಇಲ್ಲೇ, ಕಿಟಕಿ ಮಿಷನ್ನಲ್ಲಿ, ಅದ್ರ ಹಲ್ಲಿನ ಹತ್ರ ತಗಡಿನ ಗೀರು ಐತೆ. ಹಗಲೆಲ್ಲ ಇಲ್ಲಿ ಜನ. ಹಂಗಾರೆ ಬೆಳಗ್ಗೆ ಪಾಠಕ್ಕೆ ಮುಂಚೆ ಹೊಲ್ದಿರಬೇಕು."

ಕಾಮಣ್ಣ ಪವಿತ್ರಳತ್ತ ನೋಡಿ ತಟ್ಟನೆ ತಲೆ ತಗ್ಗಿಸಿದ.

"ಇನ್ನು ಗೆರೆ. ಇರ್ಫಾನಾ ಬಲದಿಂದ ಹೊರಡ್ತಾಳೆ, ಇವ್ರು ಎಡದಿಂದ. ಇರ್ಫಾನಾಳ ಪಕ್ಕ ಕೂತು ಕಲ್ತವ್ರು ಅವ್ಳಂಗೇ ಹೊಲೀತಾರೆ. ಎದುರಿಗೆ ಕೂತು ಕಲ್ತವ್ರಿಗೆ ಅವ್ಳ ಬಲ ತಮ್ಮ ಎಡ ಆಗ್ತದೆ. ಕಂಡಂಗೇ ಕೈ ರೂಢಿ ಮಾಡ್ಕೊಂಡ್ರೆ ಎಲ್ಲಾ ಕನ್ನಡಿಯಂಗೆ ತಿರುವುಮುರುವು. ಹಂಗೆ ಆರು ತಿಂಗಳು ಎದುರಿಗೆ ಕೂತವ್ಳು ಒಬ್ಬಳೇ."

ಪೊರಕೆ ಕೆಳಗೆ ಬಿತ್ತು. ಪವಿತ್ರ ಮೂಲೆಗೆ ಓಡಿದಳು. ಚಿಂದಿ ಬಟ್ಟೆಯ ಪೆಟ್ಟಿಗೆಗೆ ಕೈ ಹಾಕಿ ತಳದಿಂದ ಇನ್ನೊಂದು ಕೌದಿ ತೆಗೆದಳು. ಅದರ ನಟ್ಟನಡುವೆ ಅಂಗೈಯಗಲ ಸುಟ್ಟ ತೂತು, ಅದರಂಚಿನಲ್ಲಿ ಹಸಿರು ಓಢ್ನಿ.

"ಅಕ್ಕ, ಸುಕ್ಕಾಗೈತೆ ಅಂತ ಇಸ್ತ್ರಿ ಮಾಡಾಕೋದೆ, ಕೆಂಡ ಸಿಡೀತು" ಎಂದು ಬಿಕ್ಕಿದಳು. "ನಿಮ್ಗೆ ಕೆಲ್ಸ ತಪ್ತದಲ್ಲಾ ಅಂತ ಅಂಥದ್ದೇ ಇನ್ನೊಂದು ಹೊಲಿಯಾಕೆ ಕೂತೆ. ಒಂಬತ್ತು ದಿನ, ಬೆಳಗ್ಗೆ ಆರೂವರೆಯಿಂದ ಹತ್ತರತನಕ ಹೊಲ್ದೆ. ಸುಟ್ಟಿದ್ದು ನೋಡಿದ ಕಾಮಣ್ಣಂಗೆ ಕೈ ಮುಗ್ದು ಹೇಳ್ಬೇಡ ಅಂದಿದ್ದೆ."

ಇರ್ಫಾನಾ ಸುಟ್ಟ ಕೌದಿಯನ್ನು ಎದೆಗವಚಿಕೊಂಡಳು. ಕಣ್ಣು ತುಂಬಿ ಬಂತು. ಸಿಟ್ಟೂ ಬಂದಿತ್ತು, ಮೂಗಿನ ಹೊಳ್ಳೆ ಅರಳಿತ್ತು. ಆಮೇಲೆ ಹೊಸ ಕೌದಿಯ ಮೇಲೆ ಅಂಗೈ ಆಡಿಸಿದಳು. ಒಂದು ನಕ್ಷತ್ರ, ಎರಡು, ಸಾಲಿಗೆ ಸಾಲು.

"ಒಂಬತ್ತು ದಿನದಲ್ಲೇನೇ? ನನಗೆ ಎರಡು ತಿಂಗಳು ಹಿಡೀತಲ್ಲೇ ಹುಡುಗಿ!"

ಹೊರಗೆ ಜೀಪು ನಿಂತ ಸದ್ದಾಯಿತು. ಅಧಿಕಾರಿ ಒಳಗೆ ಬಂದಾಗ ಗೋಡೆಯ ಮೇಲೆ ಎರಡು ಕೌದಿಗಳು ತೂಗಾಡುತ್ತಿದ್ದವು. ಇರ್ಫಾನಾ ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದಳು. ಅವರು ತೂತನ್ನು ನೋಡಿ ತಲೆಯಾಡಿಸಿದರು.

"ಸುಟ್ಟ ಮಾದರಿಯನ್ನು ನಾನು ಒಪ್ಪುವಂತಿಲ್ಲಮ್ಮ. ಇನ್ನೊಂದು ನಿಮ್ಮ ಕೈಯದಲ್ಲ ಅಂತ ನೀವೇ ಹೇಳ್ತಿದ್ದೀರಿ."

"ಸಾರ್, ನಿಮ್ಗೆ ಬೇಕಾಗಿರೋದು ಹೊಲಿಯೋಳಾ, ಕಲಿಸೋಳಾ?"

"ಕಲಿಸುವವರು. ಅದಕ್ಕೇ ಅಲ್ಲವೇ ಕರೆದಿರೋದು?"

ಇರ್ಫಾನಾ ಮತ್ತೆ ಬಾಗಿಲ ಮರೆ ಸೇರಿದ್ದ ಪವಿತ್ರಳ ಕೈ ಹಿಡಿದೆಳೆದು ತಂದು ನಿಲ್ಲಿಸಿದಳು.

"ಹಂಗಾರೆ ನನ್ನ ಮಾದರಿ ಕೌದಿ ಅಲ್ಲ ಸಾರ್. ಇವ್ಳು."

ಅಧಿಕಾರಿ ಒಂದು ಚಿಂದಿ ಕೊಟ್ಟು ಹೊಲಿದು ತೋರಿಸಲು ಹೇಳಿದರು. ಪವಿತ್ರ ಕಣ್ಣೊರೆಸಿಕೊಂಡು ಫುಟ್ ಬಿಚ್ಚಿ ತಗಡು ಮುಚ್ಚಿದಳು. ಅವಳ ಕೈ ಓಡಿತು. ಅಧಿಕಾರಿಗೆ ತಂದ ಚಹಾ ಆರುವ ಮೊದಲೇ ನಕ್ಷತ್ರದ ಎಂಟೂ ಮೂಲೆ ಕೂಡಿಕೊಂಡವು. ಸುಲೋಚನಮ್ಮನೇ ಮೊದಲು ಎದ್ದು ಆ ಚಿಂದಿಯನ್ನು ಕೈಗೆತ್ತಿಕೊಂಡು, ಹಿಂದೆಮುಂದೆ ತಿರುಗಿಸಿ ನೋಡಿ, ಅಧಿಕಾರಿಯ ಮುಂದಿಟ್ಟರು. ಅಧಿಕಾರಿ ಪೆನ್ನು ತೆಗೆದು ಇರ್ಫಾನಾಳ ಪೂರ್ತಿ ಹೆಸರು ಕೇಳಿದರು.

ಅವಳು ತನ್ನ ಹೆಸರು ಹೇಳಿದಳು. ಜೊತೆಗೇ, ಗೋಡೆಯ ಮೇಲಿನ ಹೊಸ ಕೌದಿಗೆ ಚೀಟಿಯಲ್ಲಿ 'ಪವಿತ್ರ, ದೇವಸಮುದ್ರ' ಎಂದು ದೊಡ್ಡದಾಗಿ ಬರೆದು ಅಂಟಿಸಬೇಕೆಂದೂ ಹೇಳಿದಳು.