ಚರ್ಚಿನ ದಾರಿಯಲ್ಲಿ ದೀಡ ನಮಸ್ಕಾರ

ಒದ್ದೆ ಸೀರೆಯಲ್ಲಿ ಸುವರ್ಣಾ ನಡುರಸ್ತೆಯ ರಾಡಿಯಲ್ಲೇ ಉದ್ದಕ್ಕೆ ಮಲಗಿ ಕೈಮುಗಿದಳು!

ಮೂಡಲಗಿ ಬಸ್‌ಸ್ಟ್ಯಾಂಡಿನಿಂದ ಚರ್ಚಿನ ಬಾಗಿಲವರೆಗೆ ದೀಡ ನಮಸ್ಕಾರ. ಮಲಗಿ, ಕೈ ಚಾಚಿದಲ್ಲಿ ಗೆರೆ ಎಳೆದು, ಎದ್ದು, ಆ ಗೆರೆಯ ಮೇಲೆ ನಿಂತು ಮತ್ತೆ ಮಲಗುವುದು. ತಪ್ಪು ಮಾಡಿದವರು ದೇವರ ಹತ್ತಿರ ಹೀಗೇ ಹೋಗುವುದನ್ನು ಅವಳು ಚಿಕ್ಕಂದಿನಿಂದ ಕಂಡಿದ್ದಳು.

ಆರಾಧನೆಗೆ ಬಂದಿದ್ದ ಮುದುಕಿ ಕೆಂಚವ್ವ ಗಾಬರಿಯಾದಳು.

“ಏ ಯವ್ವಾ! ಏಸಪ್ಪನ ಗುಡಿಗಿ ಯಾರರ ದೀಡ ನಮಸ್ಕಾರ ಹಾಕ್ತಾರೇನ?”

“ನಾ ಹಾಕ್ತೇನ್ರಿ ಆಯಿ. ನನ್ನ ತಪ್ಪು ಅಷ್ಟ ದೊಡ್ಡದೈತಿ…”

ಆ ತಪ್ಪು! ಚರ್ಚಿನಲ್ಲಿ ಡೋಲಕ ಬಾರಿಸುವ ಪ್ರಭು, ಈ ಕೆಂಚವ್ವನ ಮೊಮ್ಮಗ, ಎರಡು ವರ್ಷ ಅವಳನ್ನು ಜೀವದಂತೆ ಪ್ರೀತಿಸಿದವನು, ಹೋದ ತಿಂಗಳು ಹೆಣ್ಣು ಕೇಳಲು ಮಮದಾಪುರದ ಅವಳ ಮನೆಗೆ ಬಂದಿದ್ದ. ಅಣ್ಣ ಮಾಳು, “ಇಂವ ಯಾರ?” ಎಂದು ಗುಡುಗಿದ್ದ. ಅವಳು ಹೆದರಿ ಅಂದುಬಿಟ್ಟಿದ್ದಳು, “ನನಗ ಗೊತ್ತಿಲ್ಲ.”

ಪ್ರಭು ಎದ್ದು ಹೋಗಿದ್ದ.

‘ಅವರ ದೇವರನ್ನರೆ ಒಲಿಸಿಕೊಂಡ್ರ… ಅವರೂ ಒಲೀಬಹುದೇನೋ!’ ಎಂದುಕೊಂಡೇ ಅವಳು ಇಂದು ಬಂದಿದ್ದಳು.

“ಏಳವಾ. ಪ್ರಭು ನಿನ್ನ ಯಾವಾಗ್ಲೋ ಕ್ಷಮಿಸ್ಯಾನ!” ಎಂದಳು ಕೆಂಚವ್ವ.

ಸುವರ್ಣಾ ತಲೆ ಎತ್ತಿದಳು. “ಯಾವ ಪ್ರಭುರಿ ಆಯಿ? ಮ್ಯಾಲಿನವರೋ… ಡೋಲಕ ಬಾರಸಾವರೋ?”

ಮುದುಕಿ ಬೊಚ್ಚು ಬಾಯಲ್ಲಿ ನಕ್ಕಳು. “ಮ್ಯಾಲಿನಂವಂದ ನಾ ಹೇಳೇನಿ. ಡೋಲಕದಂವ ತಾನ ಓಡಿ ಬರಾಕತ್ತಾನ, ನೋಡ!”

ಬರಿಗಾಲಲ್ಲಿ ಓಡಿಬಂದ ಪ್ರಭು ರಾಡಿಯಲ್ಲೇ ಮಂಡಿಯೂರಿ, ತರಚಿದ ಅವಳ ಅಂಗೈ ಹಿಡಿದ.

“ಹುಚ್ಚಿ! ಇದೇನ ಮಾಡ್ಕೊಂಡಿ?”

“ಬಿಡ್ರಿ, ಇನ್ನ ಅರ್ಧ ದಾರಿ ಐತಿ. ಮುಗಿಸಲಿಲ್ಲಂದ್ರ ನಿಮ್ಮ ದೇವರು…”

“ಪೂರಾ ದಾರಿ ಅವನ ಬಂದಾನ, ಸುವರ್ಣಾ! ಸಿಲುಬಿ ಹೊತ್ತು, ಬಿದ್ದು, ಎದ್ದು… ನಮ್ಮ ಸಲುವಾಗಿ. ನಾವು ಗಳಸೂದು ಏನೂ ಉಳದಿಲ್ಲ. ಪುಕ್ಕಟ ಕೊಟ್ಟಾನ, ತಗೊಳ್ಳೂದಷ್ಟ!”

ಅವಳ ಕಣ್ಣು ತುಂಬಿ ಹರಿಯಿತು. “ಮತ್ತ… ನಿಮಗ ಸಿಟ್ಟಿಲ್ಲೇನ್ರಿ?”

“ಇತ್ತು. ನಿಮ್ಮೂರ ದಾಟೂತನಕ! ನನ್ನ ಸಾವಿರ ತಪ್ಪು ಬಿಟ್ಟಂವನ ಹಾಡು ಹಾಡ್ತೇನಿ. ನಿಂದೊಂದ ಮಾತ ಹಿಡಕೊಂಡ ಕುಂದ್ರಲೇನು?”

“ನಿಮ್ಮ ಮ್ಯಾಲ ಜೀವಾ ಇಟ್ಟೇನ್ರಿ! ಅಣ್ಣನ ಮುಂದನೂ ಹೇಳ್ತೇನಿ… ಇವತ್ತ!”

ಒಳಗೆ ಹಾಡು ಶುರುವಾಯಿತು. ಪ್ರಭು ಕೈಹಿಡಿದು ಅವಳನ್ನು ಎಬ್ಬಿಸಿದ. ಬಾಗಿಲವರೆಗೆ ನಡೆದುಬಂದವಳು ತನ್ನ ಸೀರೆ ನೋಡಿಕೊಂಡು ನಾಚಿ ನಿಂತಳು.

“ಮೈಯೆಲ್ಲಾ ರಾಡಿ ಆಗೇತ್ರಿ… ಒಳಗ ಹೆಂಗ ಬರ್ಲಿ?”

“ಇದ್ದಂಗ ಬಾ.”