ಬಾರದ ಹುಲಿಗೆ ಬಾರಿಸಿದ ನಗಾರಿ

ಬಹಳ ಹಿಂದೆ, ಬೆಟ್ಟಗಳಿನ್ನೂ ಅಂಬೆಗಾಲಿಡುತ್ತಿದ್ದ ಕಾಲದಲ್ಲಿ, ಮೈದುರ್ಗ ಎಂಬ ರಾಜ್ಯವಿತ್ತು. ಅದರ ಕಾಲುವೆಗಳಲ್ಲಿ ಕೆಂಪು ನೀರು ಹರಿಯುತ್ತಿತ್ತು. ಮೇಲೆ ನೆತ್ತಿಕೋಟೆಯಲ್ಲಿ ಮತಿರಾಣಿ ಆಳುತ್ತಿದ್ದಳು. ಕೆಳಗೆ ಅವರೆಕಾಳಿನಂಥ ಎರಡು ಕೆರೆ; ಒಂದೊಂದರ ತಲೆಗೂ ಟೋಪಿಯಿಟ್ಟಂತೆ ಒಂದೊಂದು ಗುಡ್ಡ. ಆ ಗುಡ್ಡಗಳ ಮೇಲೆ ಅವಳಿ ಯಕ್ಷರ ಕಾವಲು.

ರಾಣಿ "ಹುಲಿ ಬಂತು" ಎಂದರೆ ಯಕ್ಷರು ನಗಾರಿ ಬಾರಿಸುವರು. ಆ ಸದ್ದಿಗೆ ಎದೆಯೂರಿನ ನೀರೆತ್ತುವ ಏತ ದಡದಡ ಓಡುವುದು, ಕಾಲುವೆಗಳು ಬಿಗಿದು ಕಿರಿದಾಗುವವು. ನೀರಿನೊಳಗಿನ ಉಪ್ಪು ಹೊರಹೋಗದಂತೆ ಕೆರೆಯ ತೂಬನ್ನೂ ಮುಚ್ಚುವರು. ಉಪ್ಪಿದ್ದಲ್ಲಿ ನೀರೂ ನಿಲ್ಲುವುದು. ರಾಣಿ "ಹೋಯ್ತು" ಎಂದರಷ್ಟೇ ನಗಾರಿ ನಿಲ್ಲಬೇಕು. ಅದು ಕಟ್ಟಳೆ.

ಕತ್ತಿನ ಕಣಿವೆಯಲ್ಲಿ ಕಾಲುವೆಯ ಏರಿಗೆ ಅಂಗೈ ಊರಿ ನೀರಿನ ಒತ್ತಡ ಹೇಳುವವನು ನೀರುಗಂಟಿ ಪುಟ್ಟೀರ. ಅಂಗೈ ಅಂದರೆ ಅಂಗೈ. ಮೂರು ಗಾವುದ ದೂರದಲ್ಲಿ ಮೀನು ಆಕಳಿಸಿದರೂ ಅವನಿಗೆ ಗೊತ್ತಾಗುತ್ತಿತ್ತು.

ಗುಮ್ಮರಾಯನೆಂಬ ಮಾಂತ್ರಿಕನಿಗೆ ಆ ರಾಜ್ಯ ಬೇಕಾಯಿತು. ರಾಣಿಯ ಕಿಟಕಿಯ ಮೇಲೆ ಹುಲಿಯ ನೆರಳು ಬಿಟ್ಟ. ರಾಣಿ ಕೂಗಿದಳು, ನಗಾರಿ ಮೊಳಗಿತು. ಎಂಟು ದಿನವಾದರೂ ನಿಲ್ಲಲಿಲ್ಲ. ಪುಟ್ಟೀರನ ಅಂಗೈಯಡಿ ಏರಿ ನಡುಗತೊಡಗಿತು. ಏತದ ಬಲಕ್ಕೆ ಆ ಕಾಲುವೆ ನೆತ್ತಿಕೋಟೆಗೇ ಏರುತ್ತಿತ್ತು; ಏರಿ ಒಡೆದರೆ ಮೊದಲು ನೆತ್ತಿಕೋಟೆ ಮುಳುಗುವುದು, ಆಮೇಲೆ ಅವನ ಗುಡಿಸಲು, ಆಮೇಲೆ ಉಳಿದದ್ದೆಲ್ಲ.

ಮೊದಲ ಸಲ ಯಕ್ಷರ ಬಳಿ ಓಡಿದ. "ಸ್ವಾಮಿ, ಸಾಕು ನಿಲ್ಲಿಸಿ."

"ರಾಣಿಯಮ್ಮ ಹೇಳಲಿ. ನೀನ್ಯಾವೂರ ದೊಣ್ಣೆನಾಯಕ?"

ಎರಡನೆಯ ಸಲ ನಗಾರಿಯ ಕೋಲುಗಳನ್ನೇ ಕದ್ದ. ಯಕ್ಷರು ಮೊಣಕೈಯಲ್ಲಿ ಬಾರಿಸಿದರು. ಸದ್ದು ಇನ್ನೂ ಜೋರಾಯಿತು.

ಮೂರನೆಯ ಸಲ ನೆತ್ತಿಕೋಟೆ ಹತ್ತಿದ. ಏಳು ಸಾವಿರ ಮೆಟ್ಟಿಲು, ಏಳೇ ಉಸಿರು, ಎಂಟನೆಯದು ಕೆಮ್ಮಿಗೆ.

"ತಾಯಿ, 'ಹೋಯ್ತು' ಅಂದುಬಿಡಿ."

"ಒಳಗೂ ಬಾರದ, ಆಚೆಗೂ ಹೋಗದ ಹುಲಿಗೆ ಹೋಯ್ತು ಅಂತ ಹೇಗಪ್ಪಾ ಅನ್ನಲಿ? ಎಂಟು ದಿನದಿಂದ ಅಲ್ಲೇ ನಿಂತಿದೆ."

"ಎಂಟು ದಿನ ಉಪವಾಸ ಇರೋ ಹುಲಿನಾ? ಹಾಗಾದ್ರೆ ಯಾವುದಾದ್ರೂ ಮಠಕ್ಕೆ ಸ್ವಾಮಿ ಮಾಡೋಣ. ಕದ ತೆಗೆದು ಒಳಗೆ ಕರೀರಿ, ತಾಯಿ."

ರಾಣಿ ಕಿಟಕಿಯ ಕದ ತೆರೆದಳು. "ಬಾರಪ್ಪಾ."

ನೆರಳಿಗೆ ಒಳಗೆ ಬರಲು ಕಾಲಿರಲಿಲ್ಲ. ಬಿಸಿಲು ಬಿದ್ದು ಕರಗಿತು. ಮಾಂತ್ರಿಕನ ಜೀವ ಆ ನೆರಳಿನಲ್ಲೇ ಇತ್ತು. ಗುಮ್ಮರಾಯ ಒಂದು ಹಿಡಿ ಮಸಿಯಾಗಿ ಉದುರಿದ.

ರಾಣಿ ನೀಳವಾಗಿ ಉಸಿರು ಬಿಟ್ಟಳು. "ಹೋಯ್ತು."

ನಗಾರಿ ನಿಂತಿತು. ತೂಬು ತೆರೆಯಿತು, ಉಪ್ಪೂ ನೀರೂ ಹರಿದುಹೋದವು. ಏರಿ ಪುಟ್ಟೀರನ ಅಂಗೈಯಡಿ ಸಾಕಿದ ಬೆಕ್ಕಿನಂತೆ ಮಲಗಿತು. ಯಕ್ಷರು ಮೊಣಕೈಗೆ ಎಣ್ಣೆ ತಿಕ್ಕಿಕೊಂಡು ನಿದ್ದೆ ಹೋದರು. ಮೈದುರ್ಗದಲ್ಲಿ ಎಲ್ಲರೂ ಸುಖವಾಗಿದ್ದರು.

ಇದು ಸುಳ್ಳು ಎನ್ನುವವರು ತಮ್ಮ ಕತ್ತಿನ ಪಕ್ಕಕ್ಕೆ ಎರಡು ಬೆರಳಿಟ್ಟು ನೋಡಲಿ. ಪುಟ್ಟೀರನ ಕಾಲುವೆ ಇನ್ನೂ ಹರಿಯುತ್ತಿದೆ.